ರಶೀದಿ ಪುಸ್ತಕ

ಪುಸ್ತಕದಲ್ಲಿ ನೂರು ಹಾಳೆ, ಕಾರ್ಬನ್ನು ಒಂದೇ.
ತಿರುವಿ ತಿರುವಿ ಅದನ್ನೇ ಇಟ್ಟು
ಕೊನೆಕೊನೆಗೆ ನಕಲಿನಲ್ಲಿ ಮೊತ್ತ ಮೂಡುತ್ತಿರಲಿಲ್ಲ,
ನನ್ನ ಹೆಬ್ಬೆರಳ ಮಸಿಯಷ್ಟೇ.

ಎಸ್‌ಡಿಎಂಸಿ ಸಭೆಗೆ ನಾಲ್ವರು ಬಂದೆವು.
ಮಿಕ್ಕವರದು ದಿನಗೂಲಿ;
ಬಂದಿದ್ದರೆ ಕಳೆದುಕೊಳ್ಳುತ್ತಿದ್ದ ಕೂಲಿಯನ್ನೇ
ಅವರ ವಂತಿಗೆ ಅಂತ ಬರಕೊಳ್ಳಿ, ಅಂದೆ.
ವನಜಾಕ್ಷಿ ಮೇಡಂ ನಗಲಿಲ್ಲ.
ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು,
ನಾಕನೇ ಕ್ಲಾಸಿಗೆ ಫ್ಯಾನು.
ಅಂದಾಜು ಹದಿನಾಲ್ಕು ಸಾವಿರ.

ರಾಜಕಾಲುವೆಯ ಈಚೆ ನಮ್ಮ ಮನೆ.
ಆಚೆ, ಹೊಂಗೆ ಮರದ ಕೆಳಗೆ, ನನ್ನ ಇಸ್ತ್ರಿ ಗಾಡಿ.
ಅಲ್ಲೂ ಒಂದು ಸರ್ಕಾರಿ ಶಾಲೆ.
ಅದೇ ಸರ್ಕಾರ, ಅದೇ ಬಿಸಿಯೂಟದ ಬೇಳೆ,
ಆದರೆ ಅಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವಿದೆ.
ನಮ್ಮಲ್ಲಿ ಓದಿದವರು
ಹಳೆಯ ವಿದ್ಯಾರ್ಥಿಗಳಾಗುವುದಿಲ್ಲ,
ಬರೀ ಹಳಬರಾಗುತ್ತಾರೆ.

ಶನಿವಾರ ಸಂಜೆ ಅಲ್ಲಿನ ಅಪ್ಪಅಮ್ಮಂದಿರು
ಅಂಗಳದಲ್ಲಿ ಬಾಣಲೆಯಿಟ್ಟು ಬೋಂಡಾ ಮಾರಿದರು.
ನಾನೂ ಹದಿನೈದು ಕೊಟ್ಟು ತಿಂದೆ. ಬಿಸಿಯಿತ್ತು, ಉಪ್ಪು ಹದವಾಗಿತ್ತು.
ಮೈಕಿನಲ್ಲಿ ಕೂಗಿದರು: ಎರಡು ಲಕ್ಷ ಮೂವತ್ತು ಸಾವಿರ!
ಚಪ್ಪಾಳೆ. ನಾನೂ ತಟ್ಟಿದೆ.
ಆ ಮಕ್ಕಳ ಮೇಲೆ ನನಗೇನು ಮುನಿಸು?
ಯಾರ ಕಾಲರು ಎಷ್ಟು ಸವೆದಿದೆ ಅನ್ನುವುದು
ಅವರಮ್ಮಂದಿರಿಗಿಂತ ನನಗೇ ಚೆನ್ನಾಗಿ ಗೊತ್ತು.

ಈಚೆ ಕಡೆ ಡಬ್ಬಿ ಹಿಡಿದದ್ದು ನಾನು, ಇಲಿಯಾಸಣ್ಣ.
ಹೂವಿನ ಚೌಡಮ್ಮ ಹತ್ತು ರೂಪಾಯಿ, ಮೇಲೊಂದು ಮೊಳ ಕನಕಾಂಬರ;
ಮೊಳಕ್ಕೆ ರಶೀದಿ ಹೇಗೆ ಬರೆಯಲಿ?
ಪೇಂಟರ್ ದೊರೆರಾಜು ಅಂದ:
ದುಡ್ಡಿಲ್ಲಕ್ಕ, ಬಾಗಿಲಿಗೆ ಬಣ್ಣ ಹೊಡಕೊಡ್ತೀನಿ.
ಬಾಗಿಲೇ ಇಲ್ಲವಲ್ಲೋ.
ಬರಲಿ ಬಿಡಕ್ಕ, ನಾನೆಲ್ಲಿಗೆ ಹೋಗ್ತೀನಿ.
ಗುಜರಿ ಅಂಗಡಿಯವನು ಐನೂರು ಕೊಟ್ಟ. ಅವನಿಗೆ ಮಕ್ಕಳಿಲ್ಲ.
ಒಟ್ಟು ಮೂರು ಸಾವಿರದ ಇನ್ನೂರ ಹತ್ತು.

ಫ್ಯಾನು ಬಂತು. ಕಾಲುವೆಯಾಚೆಯಿಂದಲೇ,
ಅಲ್ಲಿ ಹೊಸದು ಹಾಕಿದ ಮೇಲೆ, ಇಲಿಯಾಸಣ್ಣನ ಆಟೋದಲ್ಲಿ.
ಮೂರು ರೆಕ್ಕೆಗೂ ಕೆಂಪಕ್ಷರ:
ದಿವಂಗತ ರುಕ್ಮಾಬಾಯಿಯವರ ಜ್ಞಾಪಕಾರ್ಥ.
ತಿರುಗುವಾಗ ಹೆಸರಿಲ್ಲ, ಗಾಳಿಯಿದೆ.
ಕರೆಂಟು ಹೋದರೆ ಗಾಳಿಯಿಲ್ಲ, ಹೆಸರಿದೆ.
ಮಗಳು ನೀಲಾ ಒತ್ತಕ್ಷರ ಕಲಿತದ್ದು
ಬೆವರುತ್ತಾ, ತಲೆಯೆತ್ತಿ, ಆ ರುಕ್ಮಾಬಾಯಿಯಿಂದಲೇ.
ಪುಣ್ಯಾತ್ಗಿತ್ತಿ, ಎಲ್ಲಿದ್ದರೂ ತಣ್ಣಗಿರಲಿ.

ಬಾಗಿಲು ಮಾತ್ರ ಯಾರೂ ಕೊಡಲಿಲ್ಲ.
ಶೌಚಾಲಯದ ಬಾಗಿಲ ಮೇಲೆ
ತಾಯಿಯ ಹೆಸರು ಬರೆಸುವವರು ಯಾರು?

ಈಗಲೂ ಅಲ್ಲೊಂದು ಹಳೆ ಸೀರೆ.
ಒಬ್ಬಳು ಒಳಗೆ ಹೋದರೆ ಒಬ್ಬಳು ಸೆರಗು ಹಿಡಿದು ನಿಲ್ಲಬೇಕು.
ನೀಲಾ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ.
ನಾಲ್ಕೂವರೆಗೆ ಓಡಿ ಬಂದು,
ಬ್ಯಾಗು ಎಸೆದು, ಮೊದಲು ಬಚ್ಚಲಿಗೆ,
ಆಮೇಲೆ ಬಿಂದಿಗೆಗೆ.

ಅರ್ಜಿ ಪರಿಶೀಲನೆಯಲ್ಲಿದೆ, ಅಂದರು ಬಿಇಒ ಆಫೀಸಿನಲ್ಲಿ.
ನಿಮ್ಮ ಪೋಷಕರೇ ಒಟ್ಟು ಸೇರಿ ಏನಾದರೂ ಮಾಡಬಾರದೇ,
ಆಚೆ ಶಾಲೆಯವರನ್ನು ನೋಡಿ ಕಲಿಯಿರಿ.
ನೋಡಿದ್ದೇನೆ ಸ್ವಾಮಿ, ಬೋಂಡಾನೂ ತಿಂದಿದ್ದೇನೆ.
ಸೋಪು ಕೊಂಡಾಗ, ಬೆಂಕಿಪೊಟ್ಟಣ ಕೊಂಡಾಗ
ನಾನೂ ತೆರಿಗೆ ಕೊಟ್ಟವಳೇ,
ಅದಕ್ಕೆ ನನಗೆ ಯಾರೂ ರಶೀದಿ ಹರಿದುಕೊಟ್ಟಿಲ್ಲ.

ನೂರನೇ ಹಾಳೆ ಉಳಿದಿತ್ತು.
ಇವರಿಂದ: ಸರ್ಕಾರ.
ಬಾಬ್ತು: ಬಾಗಿಲು, ಒಂದು, ಒಳಗಿನಿಂದ ಚಿಲಕವಿರುವುದು.
ಮೊತ್ತದ ಜಾಗ ಖಾಲಿ ಬಿಟ್ಟು ಟೇಬಲ್ಲಿನ ಮೇಲಿಟ್ಟು ಬಂದೆ.
ನಕಲು ನನ್ನ ಹತ್ತಿರವಿದೆ, ಅಕ್ಷರಅಕ್ಷರವೂ ಕಾಣುತ್ತದೆ.
ಅದಕ್ಕೆಂದೇ ಹೊಸ ಕಾರ್ಬನ್ನು ತಂದಿದ್ದೆ,
ಐದು ರೂಪಾಯಿ,
ನನ್ನದೇ.