ತಂದೆಯ ಹೆಸರು

ದೀಕ್ಷಾಸ್ನಾನದ ಮೊದಲ ಪುಸ್ತಕಕ್ಕೆ ಬೆನ್ನಿಲ್ಲ.
ಯಾರೋ ಸೀರೆಯ ಅಂಚು ಹರಿದು ಕಟ್ಟಿದ್ದಾರೆ,
ಹಸಿರಿದ್ದಿರಬೇಕು, ಈಗ ನಶ್ಯದ ಬಣ್ಣ.
ಪುಟ ತಿರುಗಿಸಿದರೆ ಬೆರಳಿಗೆ ಗೆದ್ದಲಿನ ಮಣ್ಣು.

ಶಿವಮೊಗ್ಗದ ನಮ್ಮ ಇಗರ್ಜಿಯ ಕಚೇರಿಯಲ್ಲಿ
ದಿನಕ್ಕೆ ನಲವತ್ತು ಹೆಸರು ಕಂಪ್ಯೂಟರಿಗೆ ಇಳಿಸುತ್ತೇನೆ.
ತಿಂಗಳಿಗೆ ಆರು ಸಾವಿರ, ಮಧ್ಯಾಹ್ನದ ಚಹಾ.
ಹುಲ್ಲಿನ ಮಾಡಿನ ಕಾಲದ ಮಕ್ಕಳು ಮುಗಿದರು;
ಮಂಗಳೂರು ಹೆಂಚು ಗಾಡಿಯೇರಿ
ಆಗುಂಬೆ ಹತ್ತಿದ ವರ್ಷದ ಮಕ್ಕಳು ನಡೆದಿದ್ದಾರೆ.
ಹೆಂಚಿನ ಲೆಕ್ಕವೂ ಇದೇ ಪುಟದ ಅಂಚಿನಲ್ಲಿ:
ಬಂದದ್ದು ನಾಲ್ಕು ಸಾವಿರ,
ಒಡೆದದ್ದು ಮುನ್ನೂರ ಹನ್ನೆರಡು.

ಬರೆದ ಪಾದ್ರಿಗೆ ಕನ್ನಡ ಬಾರದು, ಕೊಂಕಣಿ ಬಾರದು.
ತಾವರೆಚಟ್ನಹಳ್ಳಿಯನ್ನು ಏಳು ಬಗೆಯಲ್ಲಿ ಬರೆದಿದ್ದಾನೆ,
ಏಳರಲ್ಲೂ ತಾವರೆ ಇಲ್ಲ.

ಐವತ್ತೆರಡನೆಯ ಪುಟ.
ಮಗು: ಗ್ರೆಗೊರ್. ತಾಯಿ: ಪಾಸ್ಕಿನ್, ಕಲ್ಲು ಹೊರುವವಳು.
ತಂದೆ: ಇಗ್ನೋತುಸ್.

ಗ್ರೆಗೊರ್ ನನ್ನ ಅಜ್ಜ.
ಅವನ ಮದುವೆಗೆ ತೆಗೆಸಿದ ನಕಲಿನಲ್ಲೂ ಇದೇ ಇತ್ತು.
ಇಗ್ನೇಶಿಯಸ್ ಎಂದು ಬರೆಯಹೋಗಿ ಪಾದ್ರಿ ಎಡವಿದ, ಅಂದರು ಮನೆಯವರು;
ತಾವರೆಚಟ್ನಹಳ್ಳಿಯನ್ನೇ ಕೆಡಿಸಿದವನಿಗೆ ಇದೇನು ಮಹಾ?
ಅಂದಿನಿಂದ ಜುಲೈ ಮೂವತ್ತೊಂದಕ್ಕೆ, ಸಂತ ಇಗ್ನೇಶಿಯಸನ ಹಬ್ಬಕ್ಕೆ,
ಮೂರು ತಲೆಮಾರು ಸಾನ್ನಾಂ ಬೇಯಿಸಿದೆ, ಹೆಸರುಬೇಳೆಯ ವೋರ್ನ್ ಕುದಿಸಿದೆ.
ಮೊದಲ ಬಟ್ಟಲು ಮುತ್ತಜ್ಜನಿಗೆಂದು ಅಮ್ಮ ಕಿಟಕಿಯಲ್ಲಿಡುತ್ತಾಳೆ;
ಫೋಟೋ ಇಲ್ಲವಲ್ಲ, ಅದಕ್ಕೇ ಕಿಟಕಿ.
ಎತ್ತರದ ಆಳಂತೆ, ರೈಲು ಹಳಿಯ ಮೇಸ್ತ್ರಿಯಂತೆ,
ಪಿಟೀಲು ಬರುತ್ತಿತ್ತಂತೆ, ಪ್ಲೇಗಿನಲ್ಲಿ ಹೋದನಂತೆ.
ತಮ್ಮನ ಮೂಗು ಅವನದೇ ಎಂದು ದೊಡ್ಡಮ್ಮ ಆಣೆ ಹಾಕುತ್ತಾಳೆ.

ಮೊನ್ನೆ ಫಾದರ್ ಎಲಿಯಾಸ್, ಚಿಕ್ಕ ಗುರುಗಳು,
ಚಹಾ ಲೋಟ ಹಿಡಿದು ಹೆಗಲ ಮೇಲಿಂದ ಇಣುಕಿದರು.
'ಓ, ಇಗ್ನೋತುಸ್. ಲ್ಯಾಟಿನ್ನು.
ಗೊತ್ತಿಲ್ಲದವನು ಅಂತ.'
ಅದ್ದಿದ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.

ಆಮೇಲೆ ಹಿಂದಿನ ಪುಟಗಳಿಗೆ ಹೋದೆ, ಮುಂದಿನವಕ್ಕೂ.
ಇಗ್ನೋತುಸನಿಗೆ ಈ ಪುಸ್ತಕದಲ್ಲಿ ಹನ್ನೊಂದು ಮಕ್ಕಳು.
ತಮಿಳರಲ್ಲಿ ನಾಲ್ಕು, ಕೊಂಕಣಿಯವರಲ್ಲಿ ಐದು, ಕನ್ನಡದವರಲ್ಲಿ ಎರಡು.
ಪ್ಲೇಗಿನ ವರ್ಷ ಒಂದು,
ಸೇತುವೆ ಕೆಲಸ ನಡೆದ ವರ್ಷ ಮೂರು.
ಒಂದೇ ದಿನ ಎರಡು, ಬೇರೆ ಬೇರೆ ಊರಲ್ಲಿ.
ಎಲ್ಲ ಭಾಷೆಯೂ ಬರುತ್ತಿತ್ತು ನನ್ನ ಮುತ್ತಜ್ಜನಿಗೆ.

ಭಾನುವಾರ, ಆರೂವರೆಯ ತಮಿಳು ಪೂಜೆ ಬಿಡುವ ಹೊತ್ತು,
ಎಂಟರ ಕನ್ನಡದವರು ಸ್ಕೂಟರಿಗೆ ಜಾಗ ಹುಡುಕುವ ಹೊತ್ತು,
ಹತ್ತರ ಕೊಂಕಣಿಯವಳು ನಾನು
ಬಾಗಿಲಲ್ಲಿ ನಿಂತು ಮೂಗುಗಳನ್ನು ನೋಡುತ್ತೇನೆ.
ಯಾರ ಭಾಷೆಗೆ ಯಾವ ಗಂಟೆ ಎಂಬ ಹಳೆಯ ಜಗಳದಲ್ಲಿ
ಅಪ್ಪನ ಮುಂದಿನ ಹಲ್ಲು ಹೋಗಿತ್ತು.
ಉದುರಿಸಿದವನು ಸವರಿನಾಯಗಂ;
ಅವನ ಅಜ್ಜಿ ಅರವತ್ತೊಂದನೆಯ ಪುಟದಲ್ಲಿದ್ದಾಳೆ.
ತಂದೆ: ಅದೇ.

ಕಂಪ್ಯೂಟರು ಖಾಲಿ ಖಾನೆ ಒಪ್ಪುವುದಿಲ್ಲ.
ತಂದೆಯ ಹೆಸರು ತುಂಬದಿದ್ದರೆ ಪಕ್ಕದಲ್ಲಿ ಕೆಂಪು ನಕ್ಷತ್ರ,
ಗೋದಲಿಯ ಮೇಲೆ ನಾವು ತೂಗುವಂಥದ್ದೇ.
ಗ್ರೆಗೊರ್ ಇನ್ನೂ ಅರ್ಧದಲ್ಲಿ ನಿಂತಿದ್ದಾನೆ.
ಬೆರಳು 'ಇ' ಒತ್ತಿದೆ, ಅಲ್ಲಿಗೇ ಬಿಟ್ಟಿದೆ.

ಅಮ್ಮನ ಫೋನು:
ನಾಳೆ ಹಬ್ಬ, ಕಪ್ಪು ಬೆಲ್ಲ ತಾ, ತೆಂಗಿನಕಾಯಿ ಮೂರು.
ಮೂರು ಸಾಲದು, ಅಂದೆ.
ಯಾಕೆ, ಯಾರು ಬರ್ತಾರೆ?
ಗೊತ್ತಿಲ್ಲ, ಅಂದೆ.
ಹಾಗಾದರೆ ಐದು ತಾ, ಅಂದಳು.