ಒದ್ದೆ ಬತ್ತಿ

ಸಾಂಬ್ರಾದಲ್ಲಿ, ಬೇಲಿಯೊಳಗಿನ ಕುರುಚಲು ಹುಲ್ಲಿನ ನಡುವೆ
ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ.
ಒಳಗೆ ಎರಡು ಗಾಜಿನ ಕಡ್ಡಿ.
ಒಂದು ಹಾಗೇ ಇರುತ್ತದೆ.
ಇನ್ನೊಂದರ ತುದಿಗೆ ಮಲ್ಲಿನ ಬತ್ತಿ ಸುತ್ತಿ
ಬತ್ತಿಯ ಬಾಲ ನೀರಿನ ಕುಪ್ಪಿಯಲ್ಲಿ ಬಿಟ್ಟಿದೆ.
ಒಣ ಕಡ್ಡಿ, ಒದ್ದೆ ಕಡ್ಡಿ: ನಡುವಿನ ದೂರ ಬರೆದಿಡುವುದು
ಹನ್ನೊಂದು ವರ್ಷದಿಂದ ನನ್ನ ನೌಕರಿ.

ಜನವರಿ. ಮಧ್ಯಾಹ್ನ ಎರಡೂವರೆ.
ಗಾಳಿಬಾಣ ಪಡುವಣಕ್ಕೆ ಮೂತಿ ಮಾಡಿ ನಿಂತಿದೆ.
ಪಡುವಣವೆಂದರೆ ಚೋರ್ಲಾ ಘಾಟು, ಇಳಿದರೆ ಗೋವೆ,
ಮುಂದೆ ಬರೀ ನೀರು.
ಆ ಕಡೆಯ ಗಾಳಿ ಬಂದಾಗೆಲ್ಲ
ಲೆಡ್ಜರಿನ ಹಾಳೆ ಮೆತ್ತಗಾಗುತ್ತಿತ್ತು,
ಡಬ್ಬಿಯ ಉಪ್ಪು ಗಂಟಾಗುತ್ತಿತ್ತು,
ಕಡ್ಡಿಗಳೆರಡೂ ಹತ್ತಿರ ಹತ್ತಿರ ಕೂರುತ್ತಿದ್ದವು.
ಇವತ್ತು ನಡುವೆ ಹದಿನೇಳು ಡಿಗ್ರಿ.

ಫೋನಿನಲ್ಲಿ ದೇಶಮಾನೆ ನಕ್ಕರು:
"ಸಮುದ್ರದ ಗಾಳಿ, ತೇವ ಹನ್ನೆರಡು ಪರ್ಸೆಂಟ್?
ಮೇಡಂ, ಬತ್ತಿ ಒಣಗಿರಬೇಕು. ಮತ್ತೊಮ್ಮೆ ನೋಡ್ರಿ."

ಮುಟ್ಟಬಾರದು, ಮುಟ್ಟಿದೆ.
ಬೆರಳಿಗೆ ತಣ್ಣಗೆ ಹತ್ತಿತು.
ಬತ್ತಿ ಒಣಗಿದ್ದರೆ ಸಾಹೇಬರೆ,
ಎರಡೂ ಒಂದೇ ಮಾತು ಹೇಳುತ್ತಿದ್ದವು.
ಒದ್ದೆ ಇರುವುದಕ್ಕೇ ಇದಕ್ಕೆ ಗೊತ್ತಾಗಿದೆ
ಗಾಳಿ ಎಷ್ಟು ಒಣಗಿದೆಯೆಂದು.
ಇದನ್ನೆಲ್ಲ ಹೇಳಲಿಲ್ಲ. "ಸರಿ ಐತ್ರಿ, ಬರ್ಕೊಳ್ರಿ" ಎಂದೆ.

ರಿಟೈರಾದ ಇನಾಮದಾರರು ಹಿಂದೊಮ್ಮೆ
ಚಹದ ಬಸಿ ಊದುತ್ತ ಹೇಳಿದ್ದರು:
"ನೀರಿನ ಮ್ಯಾಲಿಂದ ಬಂತು ಅಂದ್ರ
ನೀರು ಮುಟಗೊಂಡು ಬಂತು ಅಂತ ಅಲ್ಲ ತಂಗಿ.
ಒಂದೊಂದು ಗಾಳಿ ಭಾಳ ಎತ್ತರದಾಗ ಇರತೈತಿ,
ಇಳಿಯೂದು ಇಲ್ಲಿ ಬಂದ ಮ್ಯಾಲೇ.
ಅದು ಕಡಲು ಕಂಡೈತಿ, ಅಷ್ಟ."

ಸಂಜೆ ವಡಗಾವಿಯ ನಮ್ಮ ಓಣಿಯಲ್ಲಿ
ಮಗ್ಗಗಳು ತಡೆತಡೆದು ಕೆಮ್ಮುತ್ತಿದ್ದವು.
ಅಂಬೂಬಾಯಿ ಗೋಣಿಚೀಲ ತೋಯಿಸಿ
ಕಿಟಕಿಗೆ ಕಟ್ಟುತ್ತಿದ್ದಳು. ಎಳೆ ನಿಲ್ಲುತ್ತಿಲ್ಲ,
ಮುಂಜಾನೆಯಿಂದ ಗಂಟು ಹಾಕಿದ್ದೇ ಹಾಕಿದ್ದು.
"ನಿಮ್ಮ ಪೆಟಗಿಗೆ ಹೇಳವಾ, ಒಂದೀಟು ಹಸಿ ಕಳಸಂತ."
ಮಳೆಗಾಲದಿಂದ ಉಬ್ಬಿ ಕೂತಿದ್ದ ನನ್ನ ಬಾಗಿಲು
ಇವತ್ತು ಸದ್ದಿಲ್ಲದೆ ಮುಚ್ಚಿಕೊಂಡಿತು.
ಸ್ವೆಟರ್ ತೆಗೆದರೆ ಕತ್ತಲಲ್ಲಿ ಚಟಚಟ ಕಿಡಿ.

ಹೋದ ವಾರ ಕುಮುದ ಬಂದಿದ್ದಳು, ವೆಂಗುರ್ಲೆಯಿಂದ,
ನಾಲ್ಕು ವರ್ಷದ ಮೇಲೆ.
ಕೋಕಮ್ ತಂದಳು, ಒಣಸಿಗಡಿ ತಂದಳು,
ಬಸ್ಸಿನ ಹೊತ್ತು ನೋಡಿಕೊಂಡು ಕೂತಳು.
ಅವ್ವನ ಕಡೆಯ ದಿನಗಳನ್ನು ನಾನು ಹೇಳಿದೆ.
"ಹೌದೇನು" ಅಂದಳು. ಸ್ವಲ್ಪ ತಡೆದು ಮತ್ತೆ, "ಹೌದೇನು."
ತುಟಿಗೆ ಹಚ್ಚಲು ತುಪ್ಪ ಕೇಳಿದಳು.

ಬೆಳಗ್ಗೆ ಎಂಟೂವರೆಗೆ ಮತ್ತೆ ಪೆಟ್ಟಿಗೆ.
ಕುಪ್ಪಿ ಅರ್ಧಕ್ಕಿಂತ ಕೆಳಗಿಳಿದಿತ್ತು;
ಒಂದೇ ರಾತ್ರಿಯಲ್ಲಿ ಇಷ್ಟು ಕುಡಿದ ಗಾಳಿಯನ್ನು
ನಾನು ನೋಡಿರಲಿಲ್ಲ.
ಬಟ್ಟಿ ಇಳಿಸಿದ ನೀರು ತುಂಬಿದೆ.
ನಿನ್ನೆ ಮುಟ್ಟಿದ ಬತ್ತಿ ಬಿಚ್ಚಿ ಹೊಸದು ಕಟ್ಟಿದೆ.
ಅದು ಹೀರುತ್ತ ಹೀರುತ್ತ ತುದಿ ತಲುಪುವವರೆಗೆ
ಪೆಟ್ಟಿಗೆಯ ಬಾಗಿಲು ಹಿಡಿದು ನಿಂತಿದ್ದೆ.
ಗಾಳಿಬಾಣ ಇನ್ನೂ ಪಡುವಣಕ್ಕೇ.