ಜುಟ್ಟುಗಳ ಲೆಕ್ಕ

ಮನೆ ತೋರಿಸಿದ ದಲ್ಲಾಳಿ ಹೇಳಿದ್ದ:
ಶಾಲೆ ಮೂರು ನಿಮಿಷ, ವೇರಾ ಪಾರ್ಕು ಐದು,
ಮೂಲೆಯಲ್ಲೇ ರೊಟ್ಟಿಯ ಒಲೆ, ಕೆಳಗಿಳಿದರೆ ಲಮಾರಾಳ ಊಟದಂಗಡಿ,
ಮಕ್ಕಳೊಂದಿಗರಿಗೆ ಹೇಳಿ ಮಾಡಿಸಿದ ಕೇರಿ.
ಬಾಗಿಲು ತಳ್ಳಿ, ಇದು ಮಗುವಿನ ಕೋಣೆ, ಅಂದ.
ನಾವಿಬ್ಬರೂ ತಲೆಯಾಡಿಸಿದೆವು.
ಬೆಳಕು ಚೆನ್ನಾಗಿದೆ, ಅಂದಳು ತ್ಸಿಯಾಲಾ.

ಹನ್ನೊಂದು ವರ್ಷವಾಯಿತು.
ಆ ಕೋಣೆಯಲ್ಲಿ ಇಸ್ತ್ರಿ ಮೇಜು, ಚೆರ್ರಿ ಮುರಬ್ಬದ ಜಾಡಿಗಳು,
ಬಾಲ್ಕನಿಗೆ ಬಂದು ಬಿದ್ದು, ಕೇಳಲು ಯಾರೂ ಬಾರದ
ನಾಲ್ಕು ಚೆಂಡು.
ಬೆಳಕು ಈಗಲೂ ಚೆನ್ನಾಗಿದೆ.

ದಲ್ಲಾಳಿ ಸುಳ್ಳು ಹೇಳಿರಲಿಲ್ಲ.
ಬೆಳಗ್ಗೆ ಎಂಟಕ್ಕೆ, ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ
ಸ್ಕೂಲ್ ಬ್ಯಾಗುಗಳ ಮುಂದೆ ಮುಂದೆ ಹೋಗಿ
ಕಾರುಗಳಿಗೆ ಬೊಗಳಿ ರಸ್ತೆ ದಾಟಿಸುತ್ತದೆ.
ಅದರ ಸಂಬಳ, ದೋಣಿಯಂಥ ರೊಟ್ಟಿಯ ಒಂದು ಮೂತಿ.
ಮಣ್ಣೊಲೆಯೊಳಗೆ ಸೊಂಟದವರೆಗೆ ಬಾಗಿ
ಗೋಡೆಗೆ ಹಿಟ್ಟು ತಟ್ಟುವ ವಾಝಾನ ಕಾಲುಗಳಷ್ಟೇ ನನಗೆ ಪರಿಚಯ;
ಮುಖ ನೋಡಿದ್ದು ಎರಡೋ ಮೂರೋ ಸಲ.
ಜೂನಿನಲ್ಲಿ ಅಂಗಳದ ಹಿಪ್ಪುನೇರಳೆ
ಒಣಹಾಕಿದ ಬಿಳಿ ದುಪ್ಪಟಿಗಳ ಮೇಲೆಲ್ಲ ಹಣ್ಣುದುರಿಸಿ
ಮೂರೂ ಮಹಡಿಯಿಂದ ಬೈಸಿಕೊಳ್ಳುತ್ತದೆ.

ಪಾರ್ಕಿನ ಬೆಂಚಿನಲ್ಲಿ ಹೊಸಬಳೊಬ್ಬಳು
ಜಾರುಬಂಡೆಯತ್ತ ಗಲ್ಲ ಎತ್ತಿ ಕೇಳಿದಳಂತೆ: ನಿಮ್ಮದು ಯಾವುದು?
ತ್ಸಿಯಾಲಾ ತಡಮಾಡದೆ ನಾಯಿಯನ್ನು ತೋರಿಸಿದಳು.
ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ.
ಮನೆಗೆ ಬಂದು ಜಾಡಿಗಳನ್ನೆಲ್ಲ ಕೆಳಗಿಳಿಸಿ ಒರೆಸಿದಳು.
ಒಂದರ ಮೇಲೂ ಧೂಳಿರಲಿಲ್ಲ.

ನನ್ನ ಕೆಲಸ ಲಿಫ್ಟು ರಿಪೇರಿ.
ನಮ್ಮ ಕಟ್ಟಡದ್ದು ನನಗಿಂತ ಹಳತು,
ನಾಣ್ಯ ಹಾಕದೆ ಮೇಲೇರದು,
ಹಾಕಿದರೂ, ಇಪ್ಪತ್ತು ಕಿಲೋ ತೂಗದವರನ್ನು
ಒಳಗಿದ್ದಾರೆಂದೇ ಎಣಿಸದು.
ಅದಕ್ಕೇ ಆರನೇ ಮಹಡಿಯ ತೇಕ್ಲೆ
ನಾನು ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಾಳೆ.
ನಿನ್ನ ಭಾರ ಸ್ವಲ್ಪ ಕೊಡು, ಅನ್ನುತ್ತಾಳೆ.
ಅವಳನ್ನು ಆರಕ್ಕೆ ಮುಟ್ಟಿಸಿ ನಾನು ಎರಡಕ್ಕೆ ಇಳಿಯುತ್ತೇನೆ.
ನೆಲಹಲಗೆಯಡಿಯ ಸ್ಪ್ರಿಂಗು ಸಡಿಲಿಸಿದರೆ ಸರಿಹೋಗುತ್ತದೆ,
ಹತ್ತು ನಿಮಿಷದ ಕೆಲಸ.
ಮಾಡಿಲ್ಲ.

ನಮ್ಮ ಭಾಷೆಯಲ್ಲಿ ಅಪ್ಪನಿಗೆ ಮಾಮ ಅನ್ನುತ್ತಾರೆ.
ಸಂಜೆ ಅಂಗಳದಿಂದ ಯಾವುದೋ ಒಂದು ಗಂಟಲು
ಮಾಮಾ! ಎಂದು ಕೂಗಿದರೆ
ಏಳು ಕಿಟಕಿ ತೆರೆಯುತ್ತವೆ.
ಎಂಟನೆಯದು ನಮ್ಮದು.
ಯಾಕೆ ಎದ್ದೆ ಅಂತ ತ್ಸಿಯಾಲಾ ಕೇಳುವುದಿಲ್ಲ;
ಸೆಖೆ, ಅಂತ ನಾನೇ ಹೇಳುತ್ತೇನೆ,
ಜನವರಿಯಲ್ಲೂ.

ಭಾನುವಾರ ಲಮಾರಾಳ ಅಂಗಡಿಯಲ್ಲಿ ಖಿಂಕಾಲಿ.
ನೆರಿಗೆ ಹಿಡಿದು ಜುಟ್ಟು ಕಟ್ಟಿದ ಮಾಂಸದ ಕಡುಬು ಅದು;
ಜುಟ್ಟು ಹಿಡಿದೆತ್ತಿ, ಮೊದಲು ಒಳಗಿನ ಸಾರು ಹೀರಿ ಆಮೇಲೆ ಕಚ್ಚಬೇಕು.
ಜುಟ್ಟನ್ನು ತಿನ್ನಬಾರದು, ತಟ್ಟೆಯಲ್ಲಿಡಬೇಕು,
ಎಷ್ಟು ತಿಂದೆ ಎಂಬುದಕ್ಕೆ ಅದೇ ಸಾಕ್ಷಿ.

ಮೊನ್ನೆ ತೇಕ್ಲೆಯ ಅಮ್ಮ ಆಸ್ಪತ್ರೆಯಿಂದ ಬರುವುದು ತಡವಾಗಿ
ಅವಳೂ ನಮ್ಮ ಮೇಜಿನಲ್ಲಿ, ಎರಡು ದಿಂಬಿನ ಮೇಲೆ.
ಸಾರು ಮೊಣಕೈವರೆಗೆ ಇಳಿದಿತ್ತು.
ತ್ಸಿಯಾಲಾ ಒರೆಸಿದಳು, ಮತ್ತೆ ಇಳಿಯಿತು, ಮತ್ತೆ ಒರೆಸಿದಳು.
ತ್ಸಿಯಾಲಾಳದು ಆರು, ನನ್ನದು ಒಂಬತ್ತು, ಅವಳದು ಮೂರು.
ಪಾರ್ಕಿನ ಕಡೆ ಏನೋ ಗಲಾಟೆ; ಹೊರಳಿ ನೋಡಿ ತಿರುಗುವಷ್ಟರಲ್ಲಿ
ಒಂದು ಜುಟ್ಟು ಗಡಿ ದಾಟಿತ್ತು.
ಅವಳು ಹಸಿರು ಸೋಡಾದಲ್ಲಿ ಮುಖವಿಟ್ಟು
ಗುಳುಗುಳು ಮಾಡುತ್ತಿದ್ದಳು.

ಲಮಾರಾ ಬಂದು ತಟ್ಟೆಗಳನ್ನು ಎಣಿಸಿದಳು.
ನಾಲ್ಕಾ! ಅಂದಳು ಅವಳಿಗೆ.
ಎಂಟೇ? ಅಂದಳು ನನಗೆ,
ವಯಸ್ಸಾಯಿತಲ್ಲ ಮುರ್ಮಾನ್.

ಆಗಿರಬೇಕು, ಅಂದೆ.